ಎತ್ತಿಗೆ ಜ್ವರ, ಎಮ್ಮೆಗೆ ಬರೆ

ಕಾರಿನ ಡ್ಯಾಶ್‌ಬೋರ್ಡ್‌ನಲ್ಲಿ ಹಳದಿ ಎಬಿಎಸ್ ದೀಪ ಹತ್ತುತ್ತೆ. ಸ್ಕ್ಯಾನರ್ ಹಾಕಿದರೆ ಸಿ0035 ಅನ್ನೋ ಕೋಡ್ ಬರುತ್ತೆ. ಎಡಗಡೆ ಮುಂದಿನ ಚಕ್ರದ ಸ್ಪೀಡ್ ಸೆನ್ಸರ್. ಸರಿ, ಹೊಸ ಸೆನ್ಸರ್ ಬಂತು, ಬಿಲ್ ಆಯ್ತು. ಎರಡು ದಿನ ಬಿಟ್ಟು ಅದೇ ದೀಪ ಮತ್ತೆ ಹತ್ತುತ್ತೆ. ಆಗ ಬರೋ ಮಾತು: "ಎಬಿಎಸ್ ಮಾಡ್ಯೂಲೇ ಹೋಗಿರ್ಬೇಕು ಸಾರ್." ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕೋದು ಅಂದ್ರೆ ಇದೇ.

ಆ ಕೋಡ್‌ನ ಪೂರ್ತಿ ಹೆಸರು ಓದಿ ನೋಡಿ. ಕೊನೆಯಲ್ಲಿ 'ಸರ್ಕ್ಯೂಟ್' ಅಂತ ಇರುತ್ತೆ. ಸರ್ಕ್ಯೂಟ್ ಅಂದ್ರೆ ಸೆನ್ಸರ್ ಒಂದೇ ಅಲ್ಲ. ಅದರ ಪ್ಲಗ್, ಚಕ್ರದಿಂದ ಇಂಜಿನ್ ಕಡೆಗೆ ಹೋಗುವ ಎರಡು ವೈರ್, ಮಾಡ್ಯೂಲ್‌ನ ಪಿನ್ ಎಲ್ಲವೂ ಸೇರುತ್ತವೆ. ಕೋಡ್ ಹೇಳೋದು ಯಾವ ಬೀದಿ ಅಂತ ಮಾತ್ರ. ಯಾವ ಮನೆ ಅಂತ ಹುಡುಕೋದು ನಮ್ಮ ಕೆಲಸ. ಗ್ಯಾರೇಜಿನವರನ್ನ ಬೈಯೋಕೆ ನಾವಿದನ್ನ ಬರೀತಿಲ್ಲ. ನಾಲ್ಕು ವರ್ಷ ಇಂಜಿನಿಯರಿಂಗ್ ಓದೋರಿಗೂ ಈ ಹುಡುಕೋ ವಿದ್ಯೆಯನ್ನ ಕಲಿಸ್ತಿಲ್ಲ ಅನ್ನೋದು ನಮ್ಮ ತಕರಾರು.

ಆ ವೈರ್‌ಗಳ ಪಾಡು ಯೋಚಿಸಿ. ಸ್ಟೀರಿಂಗ್ ತಿರುಗಿದಾಗಲೆಲ್ಲ ಬಳುಕಬೇಕು, ಗುಂಡಿ ಬಂದಾಗಲೆಲ್ಲ ಕುಣಿಯಬೇಕು. ಮಲೆನಾಡಿನ ಕೆಸರು, ಕರಾವಳಿಯ ಉಪ್ಪುಗಾಳಿ, ನಿಲ್ಲಿಸಿದಲ್ಲಿ ಇಲಿ. ಒಂದು ಕ್ಲಿಪ್ ಕಳಚಿದರೂ ಸಾಕು, ವೈರ್ ಟೈರಿಗೆ ಉಜ್ಜಿ ಸವೆಯುತ್ತೆ. ಪ್ಲಗ್ ಒಳಗೆ ನೀರು ಹೋದರೆ ಪಿನ್‌ಗೆ ಕಿಲುಬು ಹಿಡಿಯುತ್ತೆ. ಸೆನ್ಸರ್ ಬದಲಾಯಿಸುವಾಗ ಪ್ಲಗ್ ಕಿತ್ತು ಮತ್ತೆ ಹಾಕ್ತಾರಲ್ಲ, ಆಗ ಆ ಕಿಲುಬು ಸ್ವಲ್ಪ ಉಜ್ಜಿ ಹೋಗಿ ಎರಡು ದಿನ ಎಲ್ಲ ಸರಿಯಾದ ಹಾಗೆ ಕಾಣುತ್ತೆ. ಆ ಹೆಸರು ಹೊಸ ಸೆನ್ಸರ್‌ಗೆ ಸಿಗುತ್ತೆ!

ಹಾಗಾದ್ರೆ ಹುಡುಕೋದು ಹೇಗೆ? ಮೊದಲು ಸ್ಕ್ಯಾನರ್‌ನಲ್ಲಿ ಕೋಡ್ ಬಿಟ್ಟು ಲೈವ್ ಡೇಟಾ ನೋಡಬೇಕು. ಖಾಲಿ ಮೈದಾನದಲ್ಲಿ ಒಬ್ಬರು ನಿಧಾನವಾಗಿ ಓಡಿಸಲಿ, ಇನ್ನೊಬ್ಬರು ನಾಲ್ಕೂ ಚಕ್ರದ ವೇಗ ಗಮನಿಸಲಿ. ತಿರುವಿನಲ್ಲಿ ಒಳಗಿನ ಚಕ್ರ ಸ್ವಲ್ಪ ನಿಧಾನ ತೋರಿಸೋದು ಸಹಜ. ಆದರೆ ಸ್ಟೀರಿಂಗ್ ಪೂರ್ತಿ ತಿರುಗಿಸಿದಾಗ ಮಾತ್ರ ಒಂದು ಚಕ್ರ ಥಟ್ಟನೆ ಸೊನ್ನೆಗೆ ಬಿದ್ದರೆ ಮೊದಲ ಅನುಮಾನ ವೈರ್ ಮೇಲೆ ಬರಬೇಕು.

ಆಮೇಲೆ ಸೆನ್ಸರ್ ಯಾವ ಜಾತಿ ಅಂತ ತಿಳಿಯಬೇಕು. ಹಳೆಯ ಕಾಯಿಲ್ ಮಾದರಿಯಾದರೆ ಓಮ್ ಅಳೆಯಬಹುದು. ಸಾಮಾನ್ಯವಾಗಿ ಒಂದು ಕಿಲೋ ಓಮ್ ಆಸುಪಾಸು ಇರುತ್ತೆ. ಚಕ್ರವನ್ನ ಕೈಯಲ್ಲಿ ತಿರುಗಿಸಿದರೆ ಮಲ್ಟಿಮೀಟರ್‌ನಲ್ಲಿ ಎಸಿ ವೋಲ್ಟೇಜ್ ಕಾಣುತ್ತೆ. ಈಗಿನ ಆ್ಯಕ್ಟಿವ್ ಸೆನ್ಸರ್‌ಗಳಿಗೆ ಮಾಡ್ಯೂಲ್‌ನಿಂದಲೇ ವಿದ್ಯುತ್ ಬರಬೇಕು. ಚಕ್ರ ತಿರುಗಿದಂತೆ ಕರೆಂಟ್ ಸುಮಾರು 7 ಮತ್ತು 14 ಮಿಲಿಆಂಪ್ ನಡುವೆ ಬದಲಾಗುತ್ತೆ. ಇವಕ್ಕೆ ಓಮ್ ಮೀಟರ್ ಹಿಡಿದು ತೀರ್ಪು ಕೊಡೋದ್ರಲ್ಲಿ ಅರ್ಥವಿಲ್ಲ. ಪ್ಲಗ್ ಹತ್ತಿರ ವೋಲ್ಟೇಜ್ ಬರ್ತಿದೆಯಾ ಅಂತ ನೋಡೋದೇ ಮೊದಲ ಪರೀಕ್ಷೆ.

ವೈರ್ ಪರೀಕ್ಷೆ ಮಾಡುವಾಗ ಬ್ಯಾಟರಿ ಬಿಚ್ಚಿ, ಎರಡೂ ತುದಿಯ ಪ್ಲಗ್ ತೆಗೆದಿರಬೇಕು. ಇಲ್ಲಿ 'ಬೀಪ್' ಶಬ್ದವನ್ನ ನಂಬಬೇಡಿ. ಎಷ್ಟೋ ಮೀಟರ್‌ಗಳು ಹತ್ತಾರು ಓಮ್ ಇದ್ದರೂ ಬೀಪ್ ಅಂತಾವೆ. ಅಂಕಿ ಓದಿ. ಓದುತ್ತಲೇ ವೈರನ್ನ ಉದ್ದಕ್ಕೂ ಅಲ್ಲಾಡಿಸಿ, ಸ್ಟೀರಿಂಗ್ ಎರಡೂ ಕಡೆ ತಿರುಗಿಸಿ. ಅಂಕಿ ಎಲ್ಲಿ ಜಿಗಿಯುತ್ತೋ ಅಲ್ಲೇ ಕಳ್ಳ. ವೈರ್‌ಗೂ ಬಾಡಿಗೂ ನಡುವೆ ಸಂಪರ್ಕ ಇರಬಾರದು, ಅದನ್ನೂ ನೋಡಿ. ನಿಂತ ಕಾರಿನಲ್ಲಿ, ಅಲ್ಲಾಡದ ವೈರ್‌ನಲ್ಲಿ, ಓಡುವಾಗ ಬರುವ ದೋಷ ಸಿಗೋಲ್ಲ. ದೋಷ ಹುಟ್ಟುವ ಸ್ಥಿತಿಯನ್ನೇ ಮತ್ತೆ ತರಬೇಕು.

"ಇದಕ್ಕೆಲ್ಲ ಟೈಮ್ ಎಲ್ಲಿದೆ?" ಅನ್ನೋ ಪ್ರಶ್ನೆ ನ್ಯಾಯವಾದದ್ದೇ. ಸೆನ್ಸರ್ ಬದಲಾಯಿಸಿದರೆ ದುಡ್ಡು ಸಿಗುತ್ತೆ, ಒಂದು ಗಂಟೆ ಹುಡುಕಿ ಕಿಲುಬು ಹಿಡಿದ ಪಿನ್ ಪತ್ತೆ ಮಾಡಿದ ಮೆಕ್ಯಾನಿಕ್‌ಗೆ "ಏನೂ ಹಾಕಿಲ್ವಲ್ಲ, ಯಾಕೆ ದುಡ್ಡು?" ಅಂತ ಕೇಳ್ತಾರೆ. ಬಿಡಿಭಾಗಕ್ಕೆ ಬೆಲೆ ಇದೆ, ತಿಳಿವಳಿಕೆಗೆ ಇಲ್ಲ. ಕಾರಿನ ಮಾಲೀಕರೂ ಈ ಲೆಕ್ಕ ಬದಲಾಯಿಸಬೇಕು.

ಯಾಕಂದ್ರೆ ಇದು ಬರೀ ದುಡ್ಡಿನ ಮಾತಲ್ಲ. ದೀಪ ಹತ್ತಿದ್ದರೂ ಮಾಮೂಲಿ ಬ್ರೇಕ್ ಸಾಮಾನ್ಯವಾಗಿ ಹಿಡಿಯುತ್ತೆ, ಹಾಗಾಗಿ ಎಷ್ಟೋ ಜನ ಎರಡು ಸಲ ಸೆನ್ಸರ್ ಹಾಕಿಸಿ, ಬೇಸತ್ತು, ಹಾಗೇ ಓಡಿಸ್ತಾರೆ. ಆದರೆ ಎಬಿಎಸ್ ಕೆಲಸ ಬಿಟ್ಟಿರುತ್ತೆ. ಮಳೆಗಾಲದಲ್ಲಿ ಚಾರ್ಮಾಡಿ ಇಳಿಯುವಾಗ ಗಟ್ಟಿ ಬ್ರೇಕ್ ಹಾಕಿ ಮುಂದಿನ ಚಕ್ರ ಲಾಕ್ ಆಯ್ತು ಅಂದ್ರೆ ಸ್ಟೀರಿಂಗ್ ಎಷ್ಟು ತಿರುಗಿಸಿದರೂ ಕಾರು ನೇರ ಹೋಗುತ್ತೆ. ನಮ್ಮ ದೇಶದಲ್ಲಿ 2019ರ ಏಪ್ರಿಲ್‌ನಿಂದ ಹೊಸ ಕಾರುಗಳಿಗೆಲ್ಲ ಎಬಿಎಸ್ ಕಡ್ಡಾಯ. ಆಗ ಬಂದ ಕಾರುಗಳ ವೈರ್‌ಗಳಿಗೆ ಈಗ ವಯಸ್ಸಾಗ್ತಿದೆ. ಈ ದೀಪ ಇನ್ನು ಹೆಚ್ಚೇ ಹತ್ತುತ್ತೆ.

ನಮ್ಮ ಲ್ಯಾಬ್‌ಗಳಲ್ಲಿ ಸರಿಯಾಗಿರೋ ಸರ್ಕ್ಯೂಟನ್ನ ಜೋಡಿಸಿ, ಬರಬೇಕಾದ ರೀಡಿಂಗ್ ಬರೆದು, ಸಹಿ ಹಾಕಿಸಿಕೊಂಡು ಬರ್ತೀವಿ. ಕೆಟ್ಟಿರೋದನ್ನ ಯಾರೂ ಕೈಗೆ ಕೊಡೋಲ್ಲ. ನಮ್ಮ ಬೇಡಿಕೆ ಚಿಕ್ಕದು: ಪ್ರತಿ ಸೆಮಿಸ್ಟರ್‌ಗೆ ಒಂದು ಪ್ರಯೋಗ, ದೋಷ ಮುಚ್ಚಿಟ್ಟು ಕೊಡಿ. ಬೆಂಗಳೂರಿನ ಶಿವಾಜಿನಗರದಂಥ ಗುಜರಿ ಬಜಾರ್‌ನಲ್ಲಿ ಹಳೆಯ ಹಬ್, ಸೆನ್ಸರ್, ವೈರಿಂಗ್ ಹುಡುಕಿದರೆ ಸಿಗುತ್ತೆ. ಒಳಗೆ ಒಂದು ವೈರ್ ಅರ್ಧ ಕತ್ತರಿಸಿಡಿ, ಇಲ್ಲಾ ಬೇರಿಂಗನ್ನ ತಿರುಗಾಮುರುಗಾ ಕೂರಿಸಿ. ಅದರ ಮ್ಯಾಗ್ನೆಟ್ ಉಂಗುರ ಆ ಕಡೆ ಹೋದರೆ ಸೆನ್ಸರ್, ವೈರ್ ಎರಡೂ ಚೆನ್ನಾಗಿದ್ದರೂ ಸಿಗ್ನಲ್ ಬರೋಲ್ಲ. ಅಂಕ ಉತ್ತರಕ್ಕಲ್ಲ, ಯಾವುದನ್ನ ಯಾಕೆ ಮೊದಲು ನೋಡಿದಿರಿ ಅನ್ನೋದಕ್ಕೆ ಕೊಡಿ.

ಆಟೊಮೊಬೈಲ್, ಎಲೆಕ್ಟ್ರಿಕಲ್, ಕಂಪ್ಯೂಟರ್ ಸೈನ್ಸ್, ಯಾವ ಬ್ರಾಂಚ್ ಆದರೂ ಸರಿ. ಮುಂದಿನ ಡಿಪಾರ್ಟ್‌ಮೆಂಟ್ ಮೀಟಿಂಗ್‌ನಲ್ಲಿ ನಿಮ್ಮ ಕ್ಲಾಸ್ ರೆಪ್ ಈ ಒಂದು ಪ್ರಯೋಗ ಕೇಳಲಿ. ಮಲ್ಟಿಮೀಟರ್ ಅಂತೂ ಲ್ಯಾಬ್‌ನಲ್ಲಿ ಇದ್ದೇ ಇದೆ.