ಸ್ಕೂಟರಿನ ಪೆಟ್ಟಿಗೆಯಲ್ಲಿರುವ ಕಾಗದ

ವಿಜಯವಾಡದಲ್ಲೂ ವಿಶಾಖಪಟ್ಟಣದಲ್ಲೂ ದುಡಿಯುವ ನಮ್ಮ ಹೊಟೇಲು ಬಂಧುಗಳು ಬೆಳಗಿನ ಜಾವ ಒಲೆ ಹಚ್ಚುವವರು, ರಾತ್ರಿ ಹನ್ನೊಂದಕ್ಕೆ ಬಾಗಿಲು ಹಾಕುವವರು. ಆ ಹೊತ್ತಿನಲ್ಲಿ ಸಿಟಿ ಬಸ್ಸನ್ನು ನಂಬುವಂತಿಲ್ಲ. ಆದ್ದರಿಂದ ಸ್ಕೂಟರೋ ಬೈಕೋ ಅವರಿಗೆ ಷೋಕಿಯ ವಸ್ತುವಲ್ಲ, ಕೈಕಾಲಿನ ಹಾಗೆಯೇ ಬೇಕಾದದ್ದು. ಇಲ್ಲಿ ಬೆಂಜ್ ಸರ್ಕಲ್ಲು, ಅಲ್ಲಿ ಗಾಜುವಾಕ. ಎರಡೂ ಕಡೆ ಲಾರಿಗಳು ಬಿಡುವಿಲ್ಲದೆ ಓಡುವ ಹೆದ್ದಾರಿ.

"ಗಾಡಿಗೆ ವಿಮೆ ಇದೆಯೇ?" ಎಂದು ಕೇಳಿದರೆ ಎಲ್ಲರೂ "ಇದೆ" ಎನ್ನುತ್ತಾರೆ. "ಯಾವ ವಿಮೆ?" ಎಂದರೆ ಮುಖ ನೋಡುತ್ತಾರೆ. ಪೊಲೀಸರು ಹಿಡಿದಾಗ ತೋರಿಸುವ ಕಾಗದ ಎಂಬುದಷ್ಟೇ ಗೊತ್ತು. ತೆಲುಗು ಅಕ್ಷರ ನಮ್ಮವರಿಗೆ ಬೇಗ ಒಗ್ಗುತ್ತದೆ; ಆದರೆ ಆ ಕಾಗದ ಇರುವುದು ಇಂಗ್ಲಿಷಿನಲ್ಲಿ, ಅದೂ ಇರುವೆಯಂಥ ಅಕ್ಷರಗಳಲ್ಲಿ. ಈ ಸಲ ನಾವು ಅದನ್ನೇ ಬಿಡಿಸಿ ಓದಲು ಹೊರಟಿದ್ದೇವೆ.

1988ರ ಮೋಟಾರು ವಾಹನ ಕಾಯಿದೆ ಕಡ್ಡಾಯ ಮಾಡಿರುವುದು ಥರ್ಡ್ ಪಾರ್ಟಿ ವಿಮೆಯನ್ನು. ಅಂದರೆ ನಮ್ಮ ಗಾಡಿ ತಾಗಿ ಸತ್ತವರಿಗೆ, ಗಾಯಗೊಂಡವರಿಗೆ ಪರಿಹಾರ ಕೊಡುವ ವಿಮೆ. ಅದಿಲ್ಲದೆ ಓಡಿಸಿ ಸಿಕ್ಕಿಬಿದ್ದರೆ ಮೊದಲ ಸಲಕ್ಕೆ 2,000 ರೂಪಾಯಿ ದಂಡ, ಇಲ್ಲವೆ ಮೂರು ತಿಂಗಳವರೆಗೆ ಸಜೆ, ಇಲ್ಲವೆ ಎರಡೂ. ನಮ್ಮವರು ಹೆಚ್ಚಾಗಿ ಓಡಿಸುವ 75ರಿಂದ 150 ಸಿ.ಸಿ. ಗಾಡಿಗೆ 2022ರಲ್ಲಿ ಗೊತ್ತುಮಾಡಿದ ದರ ವರ್ಷಕ್ಕೆ 714 ರೂಪಾಯಿ, ತೆರಿಗೆ ಬೇರೆ. ಈ ವಿಮೆಯನ್ನು ನಾವು ಹಳಿಯುವುದಿಲ್ಲ. ರಸ್ತೆ ದಾಟುವಾಗ ಪೆಟ್ಟು ತಿಂದ ಬಡವನಿಗೆ ಅದೇ ಆಧಾರ. ಆದರೆ ಅದು ಕಾಯುವುದು ಎದುರಿಗೆ ಸಿಕ್ಕಿದವನನ್ನು. ನಮ್ಮ ಗಾಡಿ ನಜ್ಜುಗುಜ್ಜಾದರೆ, ಕಳವಾದರೆ, ನೀರಿನಲ್ಲಿ ಮುಳುಗಿದರೆ ಅದರಿಂದ ಚಿಕ್ಕಾಸೂ ಬರುವುದಿಲ್ಲ.

2024ರ ಸೆಪ್ಟೆಂಬರಿನಲ್ಲಿ ಬುಡಮೇರು ಉಕ್ಕಿ ವಿಜಯವಾಡದ ಸಿಂಗ್ ನಗರಕ್ಕೆ ನುಗ್ಗಿದಾಗ ಬೀದಿಬೀದಿಯ ಸ್ಕೂಟರುಗಳು, ಆಟೋಗಳು ದಿನಗಟ್ಟಲೆ ಕೆಸರುನೀರಿನಲ್ಲಿ ನಿಂತಿದ್ದವು. ಅದಕ್ಕೆ ಹತ್ತು ವರ್ಷ ಮುಂಚೆ, 2014ರ ಅಕ್ಟೋಬರ್ 12ರಂದು, ಹುದ್‌ಹುದ್ ಚಂಡಮಾರುತ ವಿಶಾಖಪಟ್ಟಣದ ಮರಗಳನ್ನು ಕಿತ್ತು ಗಾಡಿಗಳ ಮೇಲೆ ಕೆಡವಿತ್ತು. ಇಂಥ ನಷ್ಟಕ್ಕೆ ವಿಮೆ ಕಂಪೆನಿಯನ್ನು ಕೇಳುವ ಹಕ್ಕು ಸ್ವಂತ ಗಾಡಿಯ ನಷ್ಟವನ್ನೂ ಸೇರಿಸಿದ ಪೂರ್ಣ ಪಾಲಿಸಿ ಇದ್ದವನಿಗೆ ಮಾತ್ರ. ಮುಳುಗಿದ ಗಾಡಿಯನ್ನು ಒದ್ದು ಒದ್ದು ಸ್ಟಾರ್ಟ್ ಮಾಡಲೂ ಹೋಗಬಾರದು. ನೀರು ಕುಡಿದ ಎಂಜಿನ್ನು ಹಾಗೆ ಮಾಡಿದಾಗಲೇ ಒಡೆಯುವುದು, ಆ ಭಾಗದ ಹಣ ಕೊಡಲು ಕಂಪೆನಿ ತಕರಾರು ತೆಗೆಯುವುದೂ ಆಗಲೇ.

ಇಲ್ಲೊಂದು ದೊಡ್ಡ ಗೊಂದಲವಿದೆ. 2018ರ ಸೆಪ್ಟೆಂಬರಿನಿಂದ ಹೊಸ ದ್ವಿಚಕ್ರ ವಾಹನಕ್ಕೆ ಐದು ವರ್ಷದ ಥರ್ಡ್ ಪಾರ್ಟಿ ವಿಮೆಯನ್ನು ಒಟ್ಟಿಗೇ ಮಾಡಿಸಬೇಕು. "ನನ್ನ ಗಾಡಿಗೆ ಐದು ವರ್ಷ ಚಿಂತೆಯಿಲ್ಲ" ಎಂದು ನಮ್ಮ ಹುಡುಗರು ಎದೆ ತಟ್ಟಿಕೊಳ್ಳುವುದು ಇದರಿಂದಲೇ. ಸ್ವಂತ ಗಾಡಿಯ ನಷ್ಟದ ಭಾಗ ಅನೇಕ ಪಾಲಿಸಿಗಳಲ್ಲಿ ಒಂದೇ ವರ್ಷಕ್ಕೆ ಮುಗಿದಿರುತ್ತದೆ. ಕಾಗದದಲ್ಲಿ ಎರಡು ಬೇರೆ ಬೇರೆ ತಾರೀಖು ಇರುತ್ತವೆ, ಎರಡನ್ನೂ ನೋಡಿರಿ.

ಗಾಡಿಯ ಮಾತು ಸಾಕು, ಮನುಷ್ಯರ ಮಾತಿಗೆ ಬರೋಣ. ರಾತ್ರಿ ಬಾಗಿಲು ಹಾಕಿದ ಮೇಲೆ ಒಂದೇ ಗಾಡಿಯಲ್ಲಿ ಸಪ್ಲೈಯರ್ ಮುಂದೆ, ಅಡಿಗೆಯವರು ಹಿಂದೆ. ಹಿಂದೆ ಕೂತವರಿಗೆ ಪೆಟ್ಟಾದರೆ? ಬರೀ ಕಾಯಿದೆಗೆ ಬೇಕಾದಷ್ಟು ವಿಮೆ ಇದ್ದ ಗಾಡಿಯಲ್ಲಿ ಹಿಂದೆ ಕೂತವರ ಹೊಣೆ ಕಂಪೆನಿಗಿಲ್ಲ ಎಂದು ಸುಪ್ರೀಂ ಕೋರ್ಟು 2006ರಲ್ಲೇ ಹೇಳಿದೆ. ಪೂರ್ಣ ಪಾಲಿಸಿ ಇದ್ದರೆ ಹೊಣೆ ಇದೆ ಎಂದು 2012ರಲ್ಲಿ ಹೇಳಿದೆ. ಕಟ್ಟಿದ ಹಣದಲ್ಲಿ ಕೆಲವು ನೂರು ರೂಪಾಯಿ ಉಳಿಸಿದ ಫಲವನ್ನು ಹಿಂದೆ ಕೂತವನು ಉಣ್ಣಬೇಕಾಗುತ್ತದೆ.

ಓಡಿಸುವವನ ಪಾಡೇನು? ಗಾಡಿಯ ಯಜಮಾನನೇ, ಲೈಸೆನ್ಸು ಇದ್ದು, ಓಡಿಸುತ್ತಿದ್ದರೆ ಅವನಿಗೆ 15 ಲಕ್ಷ ರೂಪಾಯಿಯ ವೈಯಕ್ತಿಕ ಅಪಘಾತ ವಿಮೆ ಉಂಟು. ಅದು ಸಾವಿಗೆ, ಶಾಶ್ವತ ಅಂಗವೈಕಲ್ಯಕ್ಕೆ. ಕಾಲು ಮುರಿದು ಮೂರು ತಿಂಗಳು ಮಲಗಿದರೆ ಅದರಲ್ಲಿ ಏನೂ ಇಲ್ಲ. ಗಾಡಿ ಎರವಲಿನದಾದರೆ ಇನ್ನೂ ಕಷ್ಟ. ನಮ್ಮ ಬಾಗಲಕೋಟೆ ಜಿಲ್ಲೆಯಲ್ಲಿ ಒಬ್ಬರು ಎರವಲು ಬೈಕಿನಲ್ಲಿ ಇಳಕಲ್ಲಿನಿಂದ ಗುಡೂರಿಗೆ ಹೊರಟವರು, ಕಬ್ಬಿಣದ ತಗಡು ಹೇರಿದ್ದ ಎತ್ತಿನ ಗಾಡಿಗೆ ತಾಗಿ ತೀರಿಕೊಂಡರು. ಎರವಲು ತಂದವನು ಯಜಮಾನನ ಜಾಗದಲ್ಲೇ ನಿಂತ ಹಾಗೆ, ಆದ್ದರಿಂದ ತಪ್ಪು ಯಾರದೆಂದು ನೋಡದೆ ಕೊಡುವ ಪರಿಹಾರವನ್ನು ಆ ಬೈಕಿನ ವಿಮೆಯಿಂದ ಮನೆಯವರು ಕೇಳುವಂತಿಲ್ಲ ಎಂದು 2009ರಲ್ಲಿ ಸುಪ್ರೀಂ ಕೋರ್ಟು ತೀರ್ಮಾನಿಸಿತು. ರೂಮಿನ ಗೆಳೆಯನ ಗಾಡಿ ಕೀಲಿಯನ್ನು ಮೊಳೆಯಿಂದ ತೆಗೆದುಕೊಂಡು ಹೋಗುವವರು ಇದನ್ನು ತಿಳಿದಿರಲಿ.

ಬಾಳೆಲೆಗೆ, ಹಾಲಿಗೆ, ಪಾರ್ಸೆಲ್ಲಿಗೆ ಮಾಲಿಕರ ಸ್ಕೂಟರಿನಲ್ಲಿ ಹೋಗುವ ಹುಡುಗನ ಮಾತು ಬೇರೆ. ಅವನು ಎರವಲು ತಂದವನಲ್ಲ, ಕೆಲಸಕ್ಕೆ ಹೋದವನು. ಕೆಲಸದ ಮೇಲಿರುವಾಗ ಆದ ಅಪಘಾತಕ್ಕೆ ಮಾಲಿಕರು ಹೊಣೆ ಎಂಬುದು 1923ರ ಕಾಯಿದೆಯಿಂದ ಬಂದ ನಿಯಮ. 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಉಳಿದುಕೊಂಡಿದೆ. ಆದರೆ ಹಾಜರಿ ಪುಸ್ತಕದಲ್ಲಿ ಹೆಸರೇ ಇಲ್ಲದ ಹುಡುಗ ತಾನು ಅಲ್ಲಿ ದುಡಿಯುತ್ತಿದ್ದೆನೆಂದು ಹೇಗೆ ತೋರಿಸುತ್ತಾನೆ? ಮಾಲಿಕರನ್ನು ನಾವು ಕೇಳುವುದಿಷ್ಟು: ಹುಡುಗನ ಹೆಸರು ಪುಸ್ತಕದಲ್ಲಿ ಬರೆಯಿರಿ, ಇ.ಎಸ್.ಐ. ಅನ್ವಯಿಸುವ ಕಡೆ ಅದನ್ನು ಕಟ್ಟಿರಿ, ಲೈಸೆನ್ಸು ಇಲ್ಲದವನ ಕೈಗೆ ಕೀಲಿ ಕೊಡಬೇಡಿರಿ. ಲೈಸೆನ್ಸಿಲ್ಲದವನು ಯಾರಿಗಾದರೂ ಹೊಡೆದರೆ ಕಂಪೆನಿ ಪೆಟ್ಟು ತಿಂದವರಿಗೆ ಕೊಟ್ಟ ಹಣವನ್ನು ಗಾಡಿಯ ಯಜಮಾನರಿಂದ ವಸೂಲು ಮಾಡಬಹುದು. ಇದು ಮಾಲಿಕರ ಗಲ್ಲಾಪೆಟ್ಟಿಗೆಯ ವಿಚಾರವೂ ಹೌದು.

ಸೆಕೆಂಡ್ ಹ್ಯಾಂಡ್ ಗಾಡಿ ಕೊಂಡವರು ಆರ್.ಸಿ. ಹೆಸರು ಬದಲಾಯಿಸದೆ ವರ್ಷಗಟ್ಟಲೆ ಓಡಿಸುತ್ತಾರೆ. ಕೊಂಡ 14 ದಿನದೊಳಗೆ ವಿಮೆ ಕಂಪೆನಿಗೂ ತಿಳಿಸಬೇಕು. ಮಾರಿದವನಿಗೂ ಅಪಾಯ ತಪ್ಪಿದ್ದಲ್ಲ: ಆರ್.ಸಿ.ಯಲ್ಲಿ ಹೆಸರಿರುವವನೇ ಯಜಮಾನ ಎಂದು 2018ರಲ್ಲಿ ಸುಪ್ರೀಂ ಕೋರ್ಟು ಖಂಡಿತವಾಗಿ ಹೇಳಿದೆ.

ಇಷ್ಟಾಗಿಯೂ ಅಪಘಾತವಾದರೆ ಮೊದಲು ಆಸ್ಪತ್ರೆ. 2025ರ ಮೇ ತಿಂಗಳಲ್ಲಿ ಬಂದ ಕೇಂದ್ರದ ಯೋಜನೆಯಂತೆ ಗೊತ್ತುಪಡಿಸಿದ ಆಸ್ಪತ್ರೆಗಳಲ್ಲಿ ಏಳು ದಿನದವರೆಗೆ ಒಂದೂವರೆ ಲಕ್ಷ ರೂಪಾಯಿಯ ಚಿಕಿತ್ಸೆಗೆ ಕೈಯಿಂದ ಹಣ ಕೊಡಬೇಕಿಲ್ಲ. ಪೊಲೀಸು ದೂರಿನ ಪ್ರತಿ, ಹೊಡೆದ ಗಾಡಿಯ ನಂಬರು, ಅದರ ವಿಮೆಯ ವಿವರ ಇವನ್ನು ಕೂಡಲೇ ಹಿಡಿಯಿರಿ. ಕ್ಲೇಮು ಅರ್ಜಿಯನ್ನು ಆರು ತಿಂಗಳೊಳಗೆ ಹಾಕುವುದು ಕ್ಷೇಮ. ಊರಲ್ಲಿರುವ ಮನೆಯವರು ಭಾಷೆ ಬಾರದ ಊರಿನ ಕೋರ್ಟಿಗೆ ಅಲೆಯಬೇಕೆಂದು ಹೆದರಿ ಸುಮ್ಮನಾಗುವುದುಂಟು. ಹೆದರಬೇಕಿಲ್ಲ. ಅರ್ಜಿದಾರರು ತಾವು ವಾಸವಾಗಿರುವ ಕಡೆಯ ಟ್ರಿಬ್ಯುನಲ್ಲಿನಲ್ಲೇ ಅರ್ಜಿ ಹಾಕಲು ಕಾಯಿದೆ ಬಿಟ್ಟಿದೆ. ಗಾಜುವಾಕದಲ್ಲಿ ತೀರಿಕೊಂಡವನ ಹೆಂಡತಿ ಕುಂದಾಪುರದ ಕಡೆಯವಳಾದರೆ ಆ ಕಡೆಯ ಟ್ರಿಬ್ಯುನಲ್ಲಿನಲ್ಲೇ ಕೇಳಬಹುದು.