ಕಿತ್ತು ಹೋಗದ ಕ್ಯಾಂಪು

ಮನೆಗೆ ಬಂದ ನೆಂಟನು ಎರಡು ದಿನ ಇದ್ದು ಹೊರಟರೆ ನೆಂಟ. ಅಡಿಗೆಮನೆಯ ಡಬ್ಬಿಗಳ ಗುರುತು ಹಿಡಿಯುವಷ್ಟು ಕಾಲ ಉಳಿದರೆ ಮನೆಯವನೇ ಆಗಿಬಿಡುತ್ತಾನೆ. ಭಾಷೆಗೆ ಬಂದ ಪದಗಳ ಸಂಗತಿಯೂ ಇಷ್ಟೆ. ಇಂಗ್ಲಿಷಿನಿಂದ ಬಂದು ಕನ್ನಡದ ಒಳಮನೆ ಸೇರಿದ ಇಂಥ ಪದಗಳಲ್ಲಿ ‘ಕ್ಯಾಂಪು’ ಒಂದು.

ಇದರ ಮೂಲ ಲ್ಯಾಟಿನ್ ಭಾಷೆಯ ‘ಕಾಂಪುಸ್’, ಬಯಲು ಎಂದರ್ಥ. ಬಯಲಿನಲ್ಲಿ ಸೈನ್ಯ ಬೀಡುಬಿಟ್ಟಾಗ ಅದು ಕ್ಯಾಂಪಾಯಿತು. ವಿದ್ಯಾರ್ಥಿಗಳು ಬೀಡುಬಿಟ್ಟಾಗ ಕ್ಯಾಂಪಸ್ಸಾಯಿತು. ಎರಡರ ನಡುವಣ ವ್ಯತ್ಯಾಸವನ್ನು ಅಧ್ಯಾಪಕರು ಬಲ್ಲರು!

ನಮ್ಮಲ್ಲಿಗೂ ಈ ಪದ ಸಿಪಾಯಿಗಳ ಜೊತೆಯಲ್ಲೇ ಬಂದಿರಬೇಕು. ಬೆಳಗಾವಿಯ ದಂಡು ಪ್ರದೇಶಕ್ಕೆ ಇಂದಿಗೂ ‘ಕ್ಯಾಂಪ್’ ಎಂದೇ ಹೆಸರು. ಸಿಪಾಯಿಯ ಕೈಯಿಂದ ಅದು ಅಧಿಕಾರಿಯ ಕೈಗೆ ಬಂದಿತು. “ಸಾಹೇಬರು ಕ್ಯಾಂಪಿನಲ್ಲಿದ್ದಾರೆ” ಎಂದು ಜವಾನನು ಹೇಳಿದರೆ, ಕಛೇರಿಗೆ ಬಂದವನು ತನ್ನ ಅರ್ಜಿಯನ್ನು ಮಡಿಸಿ ಜೇಬಿಗೆ ಹಾಕಿಕೊಳ್ಳಬೇಕು. ಅಲ್ಲಿಂದ ಅದು ನಾಟಕ ಕಂಪನಿಗಳ ಪಾಲಾಯಿತು. ಜಾತ್ರೆಗೆ ಕ್ಯಾಂಪು ಹಾಕಿ, ಗಲ್ಲೆ ಬರಿದಾದ ದಿನ ಕ್ಯಾಂಪು ಕೀಳುವುದು ಅವರ ಬಾಳು. ಡಾಕ್ಟರ್ ಎಂ. ಸಿ. ಮೋದಿಯವರು ಊರೂರಿಗೆ ಹೋಗಿ ನಡೆಸಿದ ಕಣ್ಣಿನ ಕ್ಯಾಂಪುಗಳಿಂದ ಹಳ್ಳಿಯ ಅಜ್ಜಿಯರಿಗೂ ಈ ಪದ ಪರಿಚಿತವಾಯಿತು. ಸಕ್ರೆಬೈಲಿನಲ್ಲಿ ಆನೆಗಳಿಗೆ ಕ್ಯಾಂಪು ಉಂಟು. ದಾಂಡೇಲಿಯ ಕಾಡಿನಲ್ಲಿ ಪ್ರವಾಸಿಗರಿಗೆ ಉಂಟು. ಇನ್ನು ರಾಜಕಾರಣಿಗಳ ಕ್ಯಾಂಪಿಗೆ ಡೇರೆಯೂ ಬೇಡ, ಬಯಲೂ ಬೇಡ, ಸಿಟ್ಟೊಂದಿದ್ದರೆ ಸಾಕು.

ಇವೆಲ್ಲವುಗಳಿಗೂ ಸಮಾನವಾದ ಒಂದು ಗುಣವಿದೆ: ಬಂದವರು ಹೊರಡುವರೆಂಬ ಭರವಸೆ. ಹೊರಡುವ ದಿನವೇ ಇಲ್ಲದ ಕ್ಯಾಂಪಿಗೆ ಏನೆನ್ನಬೇಕು?

ಈ ಪ್ರಶ್ನೆಗೆ ಉತ್ತರ ಬೇಕಾದವರು ಉತ್ತರ ಕನ್ನಡದ ಮುಂಡಗೋಡ ತಾಲ್ಲೂಕಿಗೆ ಹೋಗಬೇಕು. ಅಲ್ಲಿ ಸನವಳ್ಳಿಯೆಂಬ ಊರುಂಟು, ಅದರ ಹೆಸರಿನದೇ ಜಲಾಶಯವುಂಟು. ಹಳ್ಳಿಯೆಂದು ಕೊನೆಗೊಳ್ಳುವ ಹೆಸರು ತಾನು ನೆಲೆನಿಂತ ಊರೆಂದು ತಾನೇ ಸಾರುತ್ತದೆ. ಅದೇ ತಾಲ್ಲೂಕಿನಲ್ಲಿ ಹೆಸರಿಗೆ ಬದಲಾಗಿ ಅಂಕಿಯನ್ನು ಹೊತ್ತ ಊರುಗಳೂ ಇವೆ: ಕ್ಯಾಂಪ್ ನಂಬರ್ ಒಂದು, ಎರಡು, ಮೂರು. 1959ರಲ್ಲಿ ದಲೈ ಲಾಮಾ ಅವರು ಭಾರತಕ್ಕೆ ಬಂದರು. ಅವರ ಹಿಂದೆ ಬಂದ ಟಿಬೆಟ್ಟಿನ ನಿರಾಶ್ರಿತರಿಗಾಗಿ 1966ರಲ್ಲಿ, ಎಸ್. ನಿಜಲಿಂಗಪ್ಪನವರು ಮುಖ್ಯಮಂತ್ರಿಗಳಾಗಿದ್ದಾಗ, ಇಲ್ಲಿ ನೆಲೆ ಏರ್ಪಟ್ಟಿತು. ಬಂಗಾಳದ ಬಕ್ಸಾದಲ್ಲಿದ್ದ ಡ್ರೆಪುಂಗ್ ಮತ್ತು ಗಾಂದೆನ್ ಮಠಗಳ ಭಿಕ್ಷುಗಳು ಅನಂತರ ಬಂದು ಸೇರಿದರು. ಆ ಬಕ್ಸಾ ಕೂಡ ಒಂದು ಕ್ಯಾಂಪೇ. ಬ್ರಿಟಿಷರು ನಮ್ಮ ಸ್ವಾತಂತ್ರ್ಯ ಯೋಧರನ್ನು ಕೂಡಿಟ್ಟಿದ್ದ ಸೆರೆ! ಭಿಕ್ಷುಗಳ ಹೊಸ ನೆಲೆಗೆ ‘ಲಾಮಾ ಕ್ಯಾಂಪ್’ ಎಂಬ ಹೆಸರಾಯಿತು.

1966ರಲ್ಲಿ ಹುಟ್ಟಿದ ಕೂಸಿಗೆ ಈಗ 60ರ ಆಸುಪಾಸು. ಡೇರೆಗಳು ಮನೆಗಳಾದವು, ಗೋವಿನಜೋಳದ ಹೊಲಗಳಾದವು, ಸಾವಿರಾರು ಭಿಕ್ಷುಗಳ ಮಹಾಮಠಗಳೆದ್ದವು. ವಿಳಾಸ ಮಾತ್ರ ಕ್ಯಾಂಪಾಗಿಯೇ ಉಳಿಯಿತು. 1950ರ ಜನವರಿ 26ರ ನಂತರ, 1987ರ ಜುಲೈ 1ಕ್ಕೆ ಮೊದಲು ಭಾರತದಲ್ಲಿ ಹುಟ್ಟಿದವರು ಜನ್ಮತಃ ಇಲ್ಲಿನ ಪೌರರೆಂಬ ನಿಯಮವು ಟಿಬೆಟ್ಟಿನವರಿಗೂ ಅನ್ವಯಿಸುವುದೆಂದು ದೆಹಲಿಯ ಉಚ್ಚ ನ್ಯಾಯಾಲಯವು 2010ರಲ್ಲಿ ತೀರ್ಪಿತ್ತಿತು. ಆದರೂ ಪೌರತ್ವವನ್ನು ಬಯಸದೆ ನಿರಾಶ್ರಿತರಾಗಿಯೇ ಉಳಿದವರು ಹಲವರು. ‘ಕ್ಯಾಂಪು’ ಎಂಬ ಪದವನ್ನು ಬಿಟ್ಟರೆ ಹಿಂದಿರುಗುವ ಮಾತನ್ನೂ ಬಿಟ್ಟಂತೆ ಎಂಬ ಭಾವನೆ ಅದರ ಹಿಂದಿದೆ. ನಮಗೆ ಅನುಕಂಪ ಹುಟ್ಟಿಸುವ ಪದ ಅವರಿಗೆ ಆಸೆಯ ಪದವಾಗಿರಬಹುದು.

ಇದಕ್ಕೆ ವಿರುದ್ಧವಾದ ಕಥೆ ರಾಯಚೂರಿನ ಕಡೆ ಉಂಟು. ತುಂಗಭದ್ರೆಯ ಎಡದಂಡೆ ಕಾಲುವೆಯ ನೀರು ಹರಿದ ಮೇಲೆ ಆಂಧ್ರದ ರೈತರು ಬಂದು ಗದ್ದೆ ಮಾಡಿದ ಕಡೆಯೆಲ್ಲ ಕ್ಯಾಂಪುಗಳೆದ್ದವು. ಸಿಂಧನೂರಿನ ಬಳಿ ಪೂರ್ವ ಬಂಗಾಳದಿಂದ ಬಂದವರಿಗಾಗಿ ಆರ್. ಹೆಚ್. ಕ್ಯಾಂಪುಗಳಾದವು. ಇವರು ಹಿಂದಿರುಗಲು ಬಂದವರಲ್ಲ, ಉಳಿಯಲು ಬಂದವರು. ಆದರೂ ಹೆಸರಿನ ಬಾಲ ಬಿಡಲಿಲ್ಲ. ಹೊರಡಲು ಬಯಸುವವನಿಗೂ ಕ್ಯಾಂಪು, ಉಳಿಯಲು ಬಯಸುವವನಿಗೂ ಕ್ಯಾಂಪು!

ಇದೆಲ್ಲ ಇಂಗ್ಲಿಷ್ ಪದದ ದೋಷವೆಂದು ತಿಳಿಯಬೇಕಾದುದಿಲ್ಲ. ನಮ್ಮ ‘ಬೀಡು’ ಎಂಬ ಪದವೂ ದಂಡು ಇಳಿದ ತಾಣವೇ. ಅದಕ್ಕೆ ‘ನೆಲೆ’ ಸೇರಿದಾಗ ಹಳಗನ್ನಡ ಶಾಸನಗಳಲ್ಲಿ ಅದು ‘ನೆಲೆವೀಡು’, ಅರಸನ ನಿಂತ ನೆಲೆ, ಆಯಿತು. ದೂರದ ಮ್ಯಾಂಚೆಸ್ಟರಿನ ‘ಚೆಸ್ಟರ್’ ಕೂಡ ರೋಮನ್ನರ ಪಾಳೆಯವೇ. ತುರ್ಕಿಯಲ್ಲಿ ಪಾಳೆಯವೆಂಬ ಅರ್ಥದ ‘ಓರ್ದು’ ಎಂಬ ಪದದಿಂದ ಒಂದು ಭಾಷೆಗೇ ಉರ್ದು ಎಂಬ ಹೆಸರಾಯಿತು.

ಆದುದರಿಂದ ‘ಕ್ಯಾಂಪು: ತಾತ್ಕಾಲಿಕ ವಸತಿ’ ಎಂದು ಬರೆದು ಮುಂದಿನ ಪದಕ್ಕೆ ಹೊರಡುವ ಮುನ್ನ ನಿಘಂಟುಕಾರರು ಮುಂಡಗೋಡದ ಕಡೆ ಒಮ್ಮೆ ಹೋಗಿಬರುವುದೊಳ್ಳಿತು. ಅಲ್ಲಿ ಎಷ್ಟು ಕಾಲವನ್ನು ತಾತ್ಕಾಲಿಕವೆನ್ನಬೇಕೆಂಬುದನ್ನು ಮೂರು ತಲೆಮಾರಿನವರನ್ನು ಕೇಳಿ ತಿಳಿಯಬಹುದು.