ಒಂದು ತಾಸಿನ ಹಾರಾಟ, ಐದು ತಾಸಿನ ಪ್ರಯಾಣ

ದೋಣಿಮಲೈ ಟೌನ್‌ಶಿಪ್‌ನಿಂದ ತೋರಣಗಲ್ಲಿನ ವಿದ್ಯಾನಗರ ವಿಮಾನ ನಿಲ್ದಾಣಕ್ಕೆ ಟ್ಯಾಕ್ಸಿ ಓಡಿಸುವವನು ನಾನು. ಕಾರು ಹತ್ತಿದವರು ಮೊದಲು ಹೇಳುವ ಮಾತು: ‘ಬೆಂಗಳೂರಿಗೆ ಒಂದೇ ತಾಸಂತೆ!’ ಸುಳ್ಳಲ್ಲ. ನೇರ ಗೆರೆ ಎಳೆದರೆ ಎರಡು ನಿಲ್ದಾಣಗಳ ನಡುವೆ ಇರುವುದು ಸುಮಾರು 250 ಕಿ.ಮೀ. ಗಂಟೆಗೆ 500 ಕಿ.ಮೀ. ಹಾರುವ ಎಟಿಆರ್‌ನಂಥ ಸಣ್ಣ ವಿಮಾನಕ್ಕೆ ಅದು ಅರ್ಧ ತಾಸಿನ ದಾರಿ. ಏರುವುದು, ಇಳಿಯುವುದು, ರನ್‌ವೇ ಕಾಯುವುದು ಸೇರಿ ತಾಸಾಗುತ್ತದೆ.

ನಾನು ಮಾತ್ರ ಮನೆ ಬಾಗಿಲಿಂದ ಎಣಿಸುತ್ತೇನೆ. ಅದಿರು ಲಾರಿಗಳ ಸಾಲಿಗೆ ಸಿಕ್ಕರೆ ತೋರಣಗಲ್ಲಿಗೇ ಒಂದು ತಾಸು. ಅಲ್ಲಿ ಒಂದು ತಾಸು ಮುಂಚಿತವಾಗಿ ಇರಬೇಕು. ಹಾರಾಟ ಒಂದು ತಾಸು. ದೇವನಹಳ್ಳಿಯಲ್ಲಿ ಇಳಿದು ಮೆಜೆಸ್ಟಿಕ್ ಮುಟ್ಟಲು ಮತ್ತೆ ಒಂದೂವರೆ ತಾಸು. ಐದು ತಾಸಿಗೆ ಹತ್ತಿರ ಬಂತು. ಕೂಡ್ಲಿಗಿ, ಚಿತ್ರದುರ್ಗದ ಮೇಲೆ ಕಾರಿನಲ್ಲಿ ಹೋದರೆ ಆರು ತಾಸು. ಹೊಸಪೇಟೆಯಲ್ಲಿ ರಾತ್ರಿ ಹಂಪಿ ಎಕ್ಸ್‌ಪ್ರೆಸ್ ಹತ್ತಿದವರು ನಿದ್ದೆ ಮುಗಿಸಿ ಬೆಳಿಗ್ಗೆ ಬೆಂಗಳೂರಲ್ಲಿರುತ್ತಾರೆ.

ಹಾಗೆಂದು ವಿಮಾನ ಬೇಡವೆನ್ನಲಾರೆ. ದೋಣಿಮಲೈ ಗಣಿ ನಡೆಸುವ ಎನ್‌ಎಂಡಿಸಿಯ ಕೇಂದ್ರ ಕಚೇರಿ ಹೈದರಾಬಾದಿನಲ್ಲಿದೆ. ಆ ಕಡೆ ಹೊರಟವರಿಗೆ ವಿಮಾನದಿಂದ ನಿಜಕ್ಕೂ ಅರ್ಧ ದಿನ ಉಳಿಯುತ್ತದೆ. ಹಂಪಿ ನೋಡಲು ಬರುವವರಿಗೂ ಇದೇ ಹತ್ತಿರದ ನಿಲ್ದಾಣ. 2017ರ ಸೆಪ್ಟೆಂಬರ್‌ನಲ್ಲಿ ಉಡಾನ್ ಯೋಜನೆಯಡಿ ಟ್ರೂಜೆಟ್ ಇಲ್ಲಿಂದ ಬೆಂಗಳೂರು, ಹೈದರಾಬಾದ್ ಎರಡೂ ನಗರಗಳಿಗೆ ಹಾರಾಟ ಶುರುಮಾಡಿತು. ಆ ಯೋಜನೆಯಲ್ಲಿ ಒಂದು ತಾಸಿನ ಹಾರಾಟಕ್ಕೆ ನಿಗದಿತ ಸೀಟುಗಳ ಟಿಕೆಟ್ ದರ 2,500 ರೂಪಾಯಿಗೆ ಮಿತಿಯಾಗಿತ್ತು. 2022ರಲ್ಲಿ ಆ ಕಂಪನಿಯೇ ನಿಂತಿತು. ಆಮೇಲೆ ಬೇರೆ ಕಂಪನಿಗಳು ಬಂದವು. ಇವತ್ತಿದ್ದ ವಿಮಾನ ಮುಂದಿನ ತಿಂಗಳೂ ಇರುತ್ತದೆಂಬ ಭರವಸೆ ಮಾತ್ರ ಜನರಿಗೆ ಇನ್ನೂ ಬಂದಿಲ್ಲ.

ಬಳ್ಳಾರಿ ಪಕ್ಕದ ಚಾಗನೂರು–ಸಿರಿವಾರದಲ್ಲಿ ಇನ್ನೊಂದು ನಿಲ್ದಾಣಕ್ಕೆಂದು ರೈತರ ಜಮೀನು ತೆಗೆದುಕೊಂಡು ದಶಕ ದಾಟಿದೆ. ಹೊಸ ರನ್‌ವೇ ಮಾತು ಆಮೇಲಿರಲಿ. ಈಗಿರುವ ನಿಲ್ದಾಣಕ್ಕೆ ವಿಮಾನದ ವೇಳೆ ನೋಡಿ ಬಸ್ ಬಿಡಲು ಎಷ್ಟು ಖರ್ಚು? ಬೆಂಗಳೂರಿನ ಕೆಂಪೇಗೌಡ ವಿಮಾನ ನಿಲ್ದಾಣದಿಂದ ಮೈಸೂರಿಗೆ ಫ್ಲೈಬಸ್ ಓಡುತ್ತದೆ. ಕಲ್ಯಾಣ ಕರ್ನಾಟಕ ಸಾರಿಗೆ ನಿಗಮ ಸಂಡೂರು, ಹೊಸಪೇಟೆ, ಕಂಪ್ಲಿಯಿಂದ ಒಂದೊಂದು ಮಿನಿ ಬಸ್ಸನ್ನು ವಿಮಾನದ ಹೊತ್ತಿಗೆ ಹೊಂದಿಸಿ ಬಿಡಲಿ. ವಿಮಾನ ತಡವಾದರೆ ಬಸ್ಸೂ ಕಾಯಲಿ. ಹಂಪಿಗೆ ಬರುವ ಒಂಟಿ ಪ್ರವಾಸಿ ಪೂರ್ತಿ ಕಾರಿನ ಬಾಡಿಗೆ ಕೊಡುವುದು ತಪ್ಪುತ್ತದೆ. ಸೀಟು ತುಂಬಿದರೆ ವಿಮಾನ ಕಂಪನಿಯೂ ಊರು ಬಿಡುವುದಿಲ್ಲ.

ಬಸ್ ಬಂದರೆ ನಿನ್ನ ಬಾಡಿಗೆ ಹೋಗುತ್ತದಲ್ಲೋ ಎಂದು ಸ್ಟ್ಯಾಂಡಿನ ಗೆಳೆಯರು ನಗುತ್ತಾರೆ. ಸ್ವಲ್ಪ ಹೋಗುತ್ತದೆ, ನಿಜ. ವಿಮಾನವೇ ನಿಂತುಹೋದರೆ ಎಲ್ಲವೂ ಹೋಗುತ್ತದೆ. ಟ್ರೂಜೆಟ್ ನಿಂತಾಗ ಆ ಲೆಕ್ಕವನ್ನು ನಾವೆಲ್ಲ ಕಲಿತಿದ್ದೇವೆ.